ಮಿಸ್ತ್ರಿ ಊರಿಗೆ ಹೋದಾಗಲೇ ನುಚ್ಚು ಯಾಕೆ ಏರುತ್ತದೆ?

ಕಲಬುರಗಿಯ ಬೇಳೆ ಮಿಲ್ ಮಾಲೀಕರು ನಾಲ್ಕು ಮಂದಿ ಕೂತಲ್ಲಿ ಈ ಮಾತು ಬಂದೇ ಬರುತ್ತದೆ: "ನಮ್ಮ ಮಿಸ್ತ್ರಿ ಯಾರಿಗೂ ಏನೂ ಕಲಸಂಗಿಲ್ರೀ." ಮಿಸ್ತ್ರಿ ಅಂದರೆ ಮಷೀನನ್ನೂ ಕಾಳಿನ ಹದವನ್ನೂ ನೋಡಿಕೊಳ್ಳುವ ಹಳಬ ಕೆಲಸಗಾರ. ಅವನು ಊರಿಗೆ ಹೋದರೆ ಬೇಳೆ ಹೆಚ್ಚು ಮುರಿದು ನುಚ್ಚು ಏರುತ್ತದೆ. ದೂರು ಖರೆ ಇರಬಹುದು. ಆದರೆ ಕಲಿಸಿದರೆ ಅವನಿಗೇನು ಸಿಗುತ್ತದೆ? ಹುಡುಗ ತಯಾರಾದ ಮೇಲೆ ಅವನನ್ನೇ ಕಡಿಮೆ ಪಗಾರಕ್ಕೆ ನಿಲ್ಲಿಸಿ ಹಳಬನನ್ನು ಕಳಿಸಿದ್ದನ್ನು ಮಿಸ್ತ್ರಿಗಳು ಕಂಡಿದ್ದಾರೆ. ತನ್ನ ಅನ್ನದ ಗಂಟನ್ನು ಯಾರು ತಾನೇ ಬಿಚ್ಚಿ ಕೊಡುತ್ತಾರೆ?

ಆ ಗಂಟಿನಲ್ಲಿ ಏನಿದೆ ಅಂತ ಮೊದಲು ನೋಡೋಣ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರ ಇರುತ್ತದೆ. ಅದಕ್ಕೇ ಎಮರಿ ರೋಲಿನಲ್ಲಿ (ಕಾಳು ಉಜ್ಜುವ ಒರಟು ಉರುಳೆ) ಮೊದಲು ಗೀರು ಹಾಕುವುದು, ಆಮೇಲೆ ಎಣ್ಣೆ ಹಚ್ಚಿ ರಾತ್ರಿಯಿಡೀ ಇಡುವುದು, ಒಣಗಿಸುವುದು, ನೀರು ಚಿಮುಕಿಸಿ ಮತ್ತೆ ಹದಕ್ಕೆ ಬಿಡುವುದು. ಎಣ್ಣೆ ಸಾಮಾನ್ಯವಾಗಿ ಕ್ವಿಂಟಾಲಿಗೆ 200ರಿಂದ 500 ಗ್ರಾಂ. ಇಷ್ಟನ್ನು ಯಾರಾದರೂ ಬರೆದುಕೊಳ್ಳಬಹುದು. ಬರೆಯಲು ಬಾರದ್ದು, ಇವತ್ತಿನ ಮಾಲಿಗೆ 200 ಸಾಕೋ 400 ಬೇಕೋ ಅನ್ನುವ ತೀರ್ಮಾನ. ಹದ ಸಾಲದಿದ್ದರೆ ಅದೇ ಕಾಳನ್ನು ರೋಲಿಗೆ ಮತ್ತೆ ಮತ್ತೆ ಹಾಕಬೇಕು, ಅಂಚು ಸವೆದು ಪುಡಿಯಾಗುತ್ತದೆ. ತೇವ ಹೆಚ್ಚಾದರೆ ಸಿಪ್ಪೆ ಬಿಡುವುದಿಲ್ಲ, ಕಾಳು ಸರಿಯಾಗಿ ಒಡೆಯುವುದಿಲ್ಲ. ಡ್ರೈಯರಿನಲ್ಲಿ ಅವಸರ ಮಾಡಿದರೆ ಕಾಳು ಒಳಗೇ ಬಿರಿದು ನುಚ್ಚಾಗುತ್ತದೆ. ದಿನಕ್ಕೆ 100 ಕ್ವಿಂಟಾಲ್ ತೊಗರಿ ಓಡಿಸುವಲ್ಲಿ ನುಚ್ಚು ಶೇ. 1 ಏರಿತು ಅಂದರೆ ಒಂದು ಕ್ವಿಂಟಾಲ್ ಬೇಳೆ ನುಚ್ಚಿನ ದರಕ್ಕೆ ಹೋಯಿತು. ಹುಡುಗರಿಗೆ ಕಲಿಸಿದ್ದಕ್ಕೆ ಮಿಸ್ತ್ರಿಗೆ ಭತ್ಯೆ ಕೊಡಲು ಕೈ ಹಿಂಜರಿಯುವವರು ಈ ಲೆಕ್ಕ ಒಮ್ಮೆ ಹಾಕಲಿ.

ಕಲಿಸು ಅಂದರೆ ಮಿಸ್ತ್ರಿಗೂ ಬಾಯಿ ಬರುವುದಿಲ್ಲ, ಇದು ಗೊತ್ತಿರಲಿ. ಅವನು ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಾನೆ, "ಇನ್ನಾ ಹಸಿ ಅದ, ನಾಳೆ ಹಾಕ್ರಿ" ಅನ್ನುತ್ತಾನೆ. ಯಾಕೆ ಅಂದರೆ, "ಹಲ್ಲಿಗೆ ತಿಳೀತದ ತಮ್ಮಾ." ಇದನ್ನು ಉಪನ್ಯಾಸದಿಂದ ಹೊರಗೆ ತೆಗೆಯಲಾಗದು. ತೇವ ಅಳೆಯುವ ಮೀಟರನ್ನು ಅಲ್ಲೇ ಇಡಿ. ಮೊದಲು ಅವನು ಕಡಿದು ಹೇಳಲಿ, ಆಮೇಲೆ ಕಲಿಯುವ ಹುಡುಗ ಕಡಿದು ಹೇಳಲಿ, ಕೊನೆಗೆ ಮೀಟರ್ ಏನು ತೋರಿಸಿತು ನೋಡಿ, ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಕ್ರಮ ತಪ್ಪಬಾರದು. ಮೀಟರ್ ಮೊದಲು ನೋಡಿದರೆ ಹುಡುಗ ಅಂಕಿ ಕಲಿಯುತ್ತಾನೆ, ಹದ ಕಲಿಯುವುದಿಲ್ಲ.

ಆ ಸಾಲು ಬರೆಯಲು ಪ್ರತಿ ಲಾಟಿಗೆ (ಒಟ್ಟಿಗೆ ಓಡಿಸುವ ಒಂದು ಕಂತು ಮಾಲಿಗೆ) ಒಂದು ದಪ್ಪ ರಟ್ಟಿನ ಕಾರ್ಡು ಮಾಡಿ. ಆ ಸಾಲಿನ ಜೊತೆಗೆ ಇಷ್ಟು ಇರಲಿ: ಮಾಲು ಎಲ್ಲಿಯದು, ಬಂದಾಗಿನ ತೇವ, ಎಣ್ಣೆ, ನೀರು, ಎಷ್ಟು ತಾಸು ಇಟ್ಟದ್ದು, ರೋಲಿಗೆ ಎಷ್ಟು ಸಲ ಹಾಕಿದ್ದು, ಕೊನೆಗೆ ನುಚ್ಚು ಎಷ್ಟು. ಇದಕ್ಕಿಂತ ಹೆಚ್ಚು ಕಾಲಂ ಹಾಕಿದರೆ ಯಾರೂ ತುಂಬುವುದಿಲ್ಲ. ಸಂಜೆ ಆಫೀಸಿನಲ್ಲಿ ಕೂತು ಅಂದಾಜಿನಲ್ಲಿ ಬರೆದಿಡುತ್ತಾರೆ, ಅದು ಖಾಲಿ ಕಾರ್ಡಿಗಿಂತ ಕೆಟ್ಟದ್ದು. ಕಾರ್ಡು ಲಾಟಿನ ಜೊತೆಗೇ ಸಾಗಲಿ.

ಓದು ಬರಹ ಕಡಿಮೆ ಇದ್ದವರಿಗೆ, ಕನ್ನಡ ಬಾರದ ಬಿಹಾರದ ಹುಡುಗರಿಗೆ ಗಾಜಿನ ಬಾಟ್ಲಿಯೇ ಪಾಠ. ಒಂದರಲ್ಲಿ ಸರಿಯಾದ ಗೋಟಾ (ಸಿಪ್ಪೆ ಹೋದ, ಒಡೆಯದ ಇಡೀ ಕಾಳು), ಒಂದರಲ್ಲಿ ಅತಿಯಾಗಿ ಸವೆದದ್ದು, ಒಂದರಲ್ಲಿ ಸಿಪ್ಪೆ ಉಳಿದದ್ದು. ರೋಲಿನ ಪಕ್ಕದಲ್ಲೇ, ಕಣ್ಣೆತ್ತರಕ್ಕೆ ಇಡಿ. ಬಣ್ಣ ಕೆಡುತ್ತದೆ, ಹುಳ ಬೀಳುತ್ತದೆ. ಹೊಸ ತೊಗರಿ ಬಂದಾಗ ಬದಲಿಸಿ.

ವಾಟ್ಸಾಪ್ ಗ್ರೂಪ್ ಮಾಡಿಬಿಟ್ಟರೆ ಆಯಿತು ಅನ್ನುವವರಿದ್ದಾರೆ. ಸಾವ್ಕಾರರು ಇರುವ ಗ್ರೂಪಿನಲ್ಲಿ "ನಾ ಇವತ್ತ ನೀರು ಜಾಸ್ತಿ ಹಾಕಿಬಿಟ್ಟೆ" ಅಂತ ಯಾವ ಆಪರೇಟರ್ ಬರೆಯುತ್ತಾನೆ? ಗುಡ್ ಮಾರ್ನಿಂಗ್ ಹೂವು ಬರುತ್ತವೆ, ಅಷ್ಟೇ. ಅದೇ ಪಾಳಿಯಲ್ಲಿ ತಾನಾಗಿ ಹೇಳಿದ ತಪ್ಪಿಗೆ ಪಗಾರ ಮುರಿಯುವುದಿಲ್ಲ ಅಂತ ಮೊದಲು ಎಲ್ಲರೆದುರು ಹೇಳಿ, ಹಾಗೆಯೇ ನಡೆದುಕೊಳ್ಳಿ. ಒಂದು ಸಲ ಮುರಿದರೂ ಆ ವರ್ಷಕ್ಕೆ ಬಾಯಿಗಳು ಮುಚ್ಚಿದವು ಅಂತಲೇ ತಿಳಿಯಿರಿ.

ಪಾಳಿ ಬದಲಾಗುವಾಗ ಇಬ್ಬರೂ ಹದಿನೈದು ನಿಮಿಷ ಮಷೀನಿನ ಎದುರೇ ಜೊತೆಗಿರಬೇಕು. ಆ ಹೊತ್ತಿಗೂ ಕೂಲಿ ಕೊಡಿ, ಇಲ್ಲದಿದ್ದರೆ ಹೋಗುವವನು ಬೈಕ್ ಹತ್ತಿರ ನಿಂತಿರುತ್ತಾನೆ. ಏನು ಓಡುತ್ತಿದೆ, ಏನು ಬದಲಿಸಿದೆ, ಏನು ಉಳಿದಿದೆ, ಇಷ್ಟು ಮಾತಾದರೆ ಸಾಕು. ಕಾಳು ಮೇಲೆತ್ತುವ ಎಲಿವೇಟರ್ ಬುಡದಲ್ಲಿ ಕಾಳು ಕಟ್ಟಿಕೊಂಡಿದ್ದರೆ, ಬೆಲ್ಟ್ ಸಡಿಲ ಇದ್ದರೆ ಅದು ಮೊದಲ ಮಾತು. ಮೇನ್ ಸ್ವಿಚ್ ಇಳಿಸಿ ಬೀಗ ಹಾಕದೆ ಕೈ ಹಾಕಬಾರದು ಅನ್ನುವುದನ್ನು ಮೊದಲ ದಿನವೇ, ಹಮಾಲರಿಂದ ಹಿಡಿದು ಎಲ್ಲರಿಗೂ ಹೇಳಬೇಕು.

ಇನ್ನು ದುಡ್ಡಿನ ವಿಷಯ. ಮಿಸ್ತ್ರಿಯ ಭತ್ಯೆಯನ್ನು ತಿಂಗಳ ಲೆಕ್ಕದಲ್ಲಿ ಕೊಟ್ಟರೆ ಕಲಿಕೆ ಮುಗಿಯುವುದೇ ಇಲ್ಲ. ಹುಡುಗ ಯಾರ ಸಹಾಯವೂ ಇಲ್ಲದೆ ಒಂದು ಪೂರ್ತಿ ಲಾಟ್ ತೆಗೆದು, ನುಚ್ಚು ಮಿಸ್ತ್ರಿಯ ಸರಾಸರಿಯ ಆಸುಪಾಸಿನಲ್ಲಿ ಬಂದ ದಿನ ಅರ್ಧ ಕೊಡಿ. ಉಳಿದರ್ಧ ಮಳೆಗಾಲದಲ್ಲಿ, ಡ್ರೈಯರ್ ಮೇಲೆ ಅದೇ ಕೆಲಸ ಮಾಡಿ ತೋರಿಸಿದ ಮೇಲೆ. ಮಾರ್ಚ್ ಬಿಸಿಲಿನಲ್ಲಿ ಕಲಿತ ಹದ ಆಗಸ್ಟಿನ ಥಂಡಿ ಗಾಳಿಗೆ ನಡೆಯುವುದಿಲ್ಲ. ಮಿಸ್ತ್ರಿಯ ಕೆಲಸಕ್ಕೆ ಇಂತಿಷ್ಟು ವರ್ಷ ಧಕ್ಕೆ ಇಲ್ಲ ಅಂತ ಕಾಗದದ ಮೇಲೆ ಸಹಿ ಮಾಡಿ ಕೊಡಿ. ಕಾರ್ಡು, ಬಾಟ್ಲಿ, ಮೀಟರ್ ಎಲ್ಲ ಆ ಕಾಗದದ ಆಮೇಲಿನ ಮಾತು.