ಆರ್ಗಾನ್ ಬಂತು, ಮೋಸಂಬಿ ಬಂತು

ಒಂದು ಸೆಕೆಂಡ್ ಹ್ಯಾಂಡ್ ಟಿಗ್ ವೆಲ್ಡಿಂಗ್ ಮಿಷನ್ ಬೇಕಿತ್ತು ಅಂತ ದಾವಣಗೆರೆ ಟೀ ಅಂಗಡಿಲಿ ಒಂದ್ಸಲ ಬಾಯಿ ಬಿಟ್ರೆ ಮುಗೀತು, ಸಂಜೆಯೊಳಗೆ ಯಾರ್ಯಾರದೋ ಫೋನ್ ಬರಾಕೆ ಶುರುವಾಗ್ತವೆ, ಒಬ್ಬ ನಮ್ ಷಡ್ಡಕನ ಹತ್ರ ಐತೆ ಅಂತಾನೆ, ಇನ್ನೊಬ್ಬ ಹಳೇದ್ಯಾಕೆ ಮಾರಾಯ ಹೊಸದೇ ತಗೋ ಇಎಂಐ ಮಾಡ್ಸಿಕೊಡ್ತೀನಿ ಅಂತಾನೆ, ಮತ್ತೊಬ್ಬ ಮಿಷನ್ ಇಲ್ಲ ಸಾರ್ ಆದ್ರೆ ಒಂದು ಟ್ರ್ಯಾಕ್ಟರ್ ಟ್ರೈಲರ್ ಐತೆ ನೋಡ್ತೀರಾ ಅಂತಾನೆ. ಟ್ರೈಲರ್ ನೋಡಿ ಬಂದ್ವಿ. ಚೆನ್ನಾಗಿತ್ತು.

ಹೊಟ್ಟೆಪಾಡಿಗೆ ನಂದು ಲೆಕ್ಕ ಬರೆಯೋ ಕೆಲಸ, ವೆಲ್ಡಿಂಗ್ ಭಾನುವಾರದ ಚಟ. ಕಾರಿಲ್ಲದ ಕಾರ್ ಶೆಡ್ಡು, ಅದರಲ್ಲಿ ಒಂದು ವೈಸು, ಒಂದು ಗ್ರೈಂಡರು, ರಾಡ್ ಕರಗಿಸಿ ಬೆಸೆಯೋ ಒಂದು ಮಾಮೂಲಿ ಆರ್ಕ್ ಮಿಷನ್ನು. ಗೇಟು ಗ್ರಿಲ್ಲಿಗೆ ಅದು ಧಾರಾಳ ಸಾಕು. ತೆಳು ಸ್ಟೀಲ್ ಪೈಪಿಗೆ ಮಾತ್ರ ಆ ರಾಡ್ ತಾಗಿಸಿದ್ರೆ ಜಾಯಿಂಟ್ ಆಗೋ ಜಾಗದಲ್ಲಿ ತೂತು ಬೀಳುತ್ತೆ, ಸುತ್ತ ಸಿಡಿದು ಕೂತಿದ್ದನ್ನ ಉಜ್ಜೋದ್ರಲ್ಲೇ ಭಾನುವಾರ ಮುಗಿಯುತ್ತೆ. ಟಿಗ್ಗಲ್ಲಿ ಹಂಗಲ್ಲ. ಅದರಲ್ಲಿರೋದು ಟಂಗ್‌ಸ್ಟನ್ ಸೂಜಿ, ಕರಗಬೇಕಂದ್ರೆ 3,400 ಡಿಗ್ರಿ ಬೇಕು, ಅದು ಕರಗದೆ ಬರೀ ಆರ್ಕ್ ಅನ್ನೋ ಕರೆಂಟಿನ ಜ್ವಾಲೆ ಕೊಡುತ್ತೆ, ಸುತ್ತ ಆರ್ಗಾನ್ ಗ್ಯಾಸ್ ಸುರಿದು ಗಾಳಿನ ಹತ್ರಕ್ಕೆ ಬಿಡಲ್ಲ, ಎಡಗೈಲಿ ಫಿಲ್ಲರ್ ತಂತಿ ಹಿಡ್ಕೊಂಡು ಬೇಕಾದಷ್ಟೇ ತಿನ್ನಿಸ್ತಾ ಹೋಗೋದು. ಕಿಡಿ ಸಿಡಿಯಲ್ಲ, ಹೊಗೆ ಕಮ್ಮಿ, ಮನೇಲಿ ಬೈಗುಳನೂ ಕಮ್ಮಿ ಇರ್ಬೋದು ಅನ್ನೋದು ನನ್ನ ಲೆಕ್ಕ.

ಮಿಷನ್ ನೋಡಾಕೆ ಹೋಗುವಾಗ ನನ್ನ ಜೊತೆ ಇಬ್ರು. ಒಬ್ಬ ಭಾಮೈದ, ಅವನಿಗೆ ಗೊತ್ತಿಲ್ಲದ ವಿಷಯ ಇಲ್ಲ, ಗೊತ್ತಿರೋದೂ ಇಲ್ಲ. ಇನ್ನೊಬ್ರು ನಮ್ಮ ಮಾವನೋರು, ಹರಿಹರದ ಮೈಸೂರು ಕಿರ್ಲೋಸ್ಕರಲ್ಲಿ ಲೇತಿನ ಮುಂದೆ ವಯಸ್ಸು ಕಳೆದೋರು, ಅವರ ಪ್ರಕಾರ ಯಾವುದೇ ಮಿಷನ್ನು ತುಂಗಭದ್ರೆಯಿಂದ ಎಷ್ಟು ದೂರ ತಯಾರಾಗುತ್ತೋ ಅಷ್ಟು ಕಳಪೆ. ಈ ಟಿಗ್ಗನ್ನ 1941ರಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಲಿ ರಸೆಲ್ ಮೆರೆಡಿತ್ ಅನ್ನೋರು ಮೆಗ್ನೀಸಿಯಂ ಬೆಸೆಯಾಕೆ ಅಂತ ಕುದುರಿಸಿದ್ದು, ಆಗ ಆರ್ಗಾನ್ ಅಲ್ಲ ಹೀಲಿಯಂ ಬಿಡ್ತಿದ್ರಂತೆ ಅಂತ ನಾನು ಬಸ್ಸಲ್ಲಿ ಮಾವನೋರಿಗೆ ಹೇಳಿದ್ರೆ, "1941 ಅಂದ್ರಾ? ನಮ್ ಫ್ಯಾಕ್ಟರಿ ಶುರುವಾಗಿದ್ದೂ ಅದೇ ವರ್ಷ" ಅಂದು ಮೀಸೆ ತೀಡ್ಕೊಂಡ್ರು. ಮೆರೆಡಿತ್ತು ಹರಿಹರಕ್ಕೆ ಬಂದು ಕೇಳ್ಕೊಂಡು ಹೋಗಿದ್ದು ಅನ್ನೋದೊಂದು ಬಾಕಿ.

ಮೊದಲು ನೋಡಿದ್ದು ಹಳೇ ಟ್ರಾನ್ಸ್‌ಫಾರ್ಮರ್ ಮಿಷನ್ನು, ಶೆಡ್ಡಿನ ಮೂಲೇಲಿ ಅದನ್ನ ಇಟ್ಟು ಆಮೇಲೆ ಸುತ್ತ ಗೋಡೆ ಕಟ್ಟಿರಬೇಕು ಅನ್ನಿಸ್ತು, ಯಾಕಂದ್ರೆ ಆ ಬಾಗಿಲಲ್ಲಿ ಅದು ಆಚೆ ಬರೋ ಲಕ್ಷಣ ಇರ್ಲಿಲ್ಲ. "ಇದು ಕೆಡೋದೇ ಇಲ್ಲ ಸಾರ್" ಅಂದ ಓನರು. ನಿಜ, ಒಳಗೆ ತಾಮ್ರದ ಸುರುಳಿ ಬಿಟ್ರೆ ಕೆಡಾಕೆ ಜಾಸ್ತಿ ಏನೂ ಇರಲ್ಲ. ಆದ್ರೆ ಅದಕ್ಕೆ ಬೇಕಾಗಿದ್ದು ತ್ರೀ ಫೇಸು, 415 ವೋಲ್ಟು, ನಮ್ಮನೇಲಿರೋದು ಸಿಂಗಲ್ ಫೇಸು, ಮಿಕ್ಸಿ ಮತ್ತೆ ಬೋರ್ ಮೋಟ್ರು ಒಟ್ಟಿಗೆ ಹಾಕಿದ್ರೆ ದೇವರ ಮನೆ ಬಲ್ಬು ಮಂಕಾಗುತ್ತೆ. "ಬೆಸ್ಕಾಂಗೆ ಒಂದು ಅರ್ಜಿ ಹಾಕಿ ತ್ರೀ ಫೇಸ್ ಎಳೆಸಿದ್ರಾಯ್ತು ಭಾವ, ಹಂಗೇ ಒಂದು ಹಿಟ್ಟಿನ ಗಿರಣಿನೂ ಹಾಕ್ಬೋದು" ಅಂದ ಭಾಮೈದ. ಮಾವನೋರು ಅವನ ಕಡೆ ನೋಡಿದ್ರು ಅಷ್ಟೇ, ಮಾತಾಡ್ಲಿಲ್ಲ, ಮಗ ಅಲ್ವಾ.

ಆಮೇಲೆ ಸಿಕ್ಕಿದ್ದು ಇನ್ವರ್ಟರ್ ಮಿಷನ್ನು, ಒಳಗೆ ದಪ್ಪ ಸುರುಳಿ ಬದಲು ಎಲೆಕ್ಟ್ರಾನಿಕ್ಸ್ ಇರೋದು, ಒಂದೇ ಕೈಲಿ ಎತ್ತಬೋದು. ನನಗೆ ಅಲ್ಯೂಮಿನಿಯಂನೂ ಬೆಸೆಯೋ ಆಸೆ ಇತ್ತು, ಅದಕ್ಕೆ ಎಸಿ ಔಟ್‌ಪುಟ್ ಇರೋ ಟಿಗ್ಗೇ ಆಗಬೇಕು, ಯಾಕಂದ್ರೆ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತೆ, ಅದರ ಮೈಮೇಲಿರೋ ಆಕ್ಸೈಡ್ ಪೊರೆ 2,000 ಡಿಗ್ರಿ ದಾಟಿದ್ರೂ ಜಪ್ಪಯ್ಯ ಅನ್ನಲ್ಲ, ಆ ಪೊರೆನ ಒಡೆಯೋದು ಎಸಿ ಕರೆಂಟು, ಡಿಸಿ ಸ್ಟೀಲಿಗೆ ಕಬ್ಬಿಣಕ್ಕೆ ಮಾತ್ರ. ಇದ್ರಲ್ಲಿ ಎಸಿ ಐತೇನಪ್ಪಾ ಅಂದ್ರೆ "ಐತಲ್ಲ ಸಾರ್" ಅಂತ ಮಿಷನ್ ತಿರುಗಿಸಿ ಹಿಂದಿನ ಪ್ಲೇಟ್ ತೋರಿಸ್ದ. ಎಸಿ 230 ವೋಲ್ಟ್, 50 ಹರ್ಟ್ಸ್. ಅದು ಗೋಡೆಯಿಂದ ಒಳಗೆ ಹೋಗೋ ಕರೆಂಟು ಕಣಪ್ಪ, ನಾನು ಕೇಳಿದ್ದು ಆಚೆ ಬರೋದು ಅಂದೆ. "ಒಳಗೆ ಹೋಗಿದ್ದು ಆಚೆ ಬರಲೇಬೇಕಲ್ಲ ಸಾರ್" ಅಂದ. ಅವನು ನಮಗೆ ಮೋಸ ಮಾಡ್ತಿರ್ಲಿಲ್ಲ, ಪಾಪ, ಅವನಿಗೆ ಮಾರಿದೋನೂ ಅದೇ ಪ್ಲೇಟ್ ತೋರಿಸಿದ್ನಂತೆ. ನಿಜವಾದ ಎಸಿ-ಡಿಸಿ ಎರಡೂ ಇರೋದರ ಮುಖದ ಮೇಲೆ ಅದಕ್ಕೇ ಅಂತ ಒಂದು ಸ್ವಿಚ್ಚಿರುತ್ತೆ, ರೇಟೂ ಹಂಗೇ ಇರುತ್ತೆ. ರೇಟ್ ಕೇಳಿದ ಮೇಲೆ ಅಲ್ಯೂಮಿನಿಯಂ ಆಸೆ ತಾನಾಗೇ ಇಳೀತು.

ಕೊನೆಗೆ ಕುದುರಿದ್ದು ಚಿತ್ರದುರ್ಗದಲ್ಲಿ. ಸ್ಟೀಲ್ ರೇಲಿಂಗ್ ಮಾಡ್ತಿದ್ದ ಹಿರಿಯರೊಬ್ರು, ಕಣ್ಣು ಮಂಜಾಯ್ತು ಅಂತ ಅಂಗಡಿ ಮುಚ್ತಿದ್ರು. ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಸಾಲಲ್ಲಿ ಗಾಳಿ ಯಂತ್ರ ನಿಲ್ಲಿಸಿರೋದು ಸುಮ್ನೆ ಅಲ್ಲ, ಆ ಗಾಳಿಲಿ ಆರ್ಗಾನ್ ನಿಲ್ಲಲ್ಲ ಅಂತ ಅವರು ಶಟರ್ ಮುಕ್ಕಾಲು ಎಳೆದ್ರು, ಪೂರ್ತಿ ಎಳೀಲಿಲ್ಲ, ಆರ್ಗಾನ್ ವಿಷ ಅಲ್ದಿದ್ರೂ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ತುಂಬ್ಕೊಂಡ್ರೆ ಉಸಿರಾಡೋ ಗಾಳಿನೇ ಆಚೆ ತಳ್ಳಿಬಿಡುತ್ತೆ. ಆಮೇಲೆ ಎರಡು ಪೈಪ್ ತುಂಡು ಜೋಡಿಸಿ ಒಂದು ಸುತ್ತು ಎಳೆದ್ರು ನೋಡ್ರಿ. ನಮ್ ಮೂವರ ಬಾಯಿ ತೆರೆದಿದ್ದು ತೆರೆದಂಗೇ. ಸಣ್ಣ ಸಣ್ಣ ಅಲೆ, ಒಂದರ ಮೇಲೊಂದು, ಎಲ್ಲಾ ಒಂದೇ ಅಳತೆ, ತಿಳಿ ಹೊಂಬಣ್ಣ. ಭಾಮೈದ ಆಗಲೇ ಫೋನ್ ತೆಗೆದು ದುಡ್ಡು ಕಳಿಸಾಕೆ ರೆಡಿ ಆಗಿದ್ದ.

ನನ್ನ ಅಭಿಪ್ರಾಯ ಏನಂದ್ರೆ, ಇಂಥಾ ಹೊತ್ತಲ್ಲೇ ಫೋನ್ ಜೇಬಿಗೆ ಇಟ್ಕೋಬೇಕು. ನಾವು ನೋಡಿದ್ದು ಆ ಯಜಮಾನ್ರ ಕೈ, ಮಿಷನ್ ಅಲ್ಲ. ಆ ಕೈಗೆ ಎಂಥಾ ಡಬ್ಬಾ ಕೊಟ್ರೂ ಅದೇ ಬೀಡ್, ಅಂದ್ರೆ ಅದೇ ಬೆಸುಗೆ ಗೆರೆ ಬರುತ್ತೆ, ಆದ್ರೆ ಕೈ ದುರ್ಗದಲ್ಲೇ ಉಳಿಯುತ್ತೆ, ಮನೆಗೆ ಬರೋದು ಡಬ್ಬಾ ಮಾತ್ರ. "ಯಜಮಾನ್ರೇ, ಟಾರ್ಚ್ ನನಗೆ ಕೊಡ್ರಿ" ಅಂತ ಸೂಜಿ ಕೂರಿಸಿರೋ ಆ ಹಿಡಿಕೆ ಇಸ್ಕೊಂಡೆ. ಬಟನ್ ಒತ್ತಿದ ತಕ್ಷಣ ಮೊದಲು ಗ್ಯಾಸ್ ಸುಯ್ ಅನ್ನಬೇಕು, ಅಂತು. ಸೂಜಿ ಪೈಪಿಗೆ ತಾಗದೇನೇ ಎಚ್ಎಫ್, ಅಂದ್ರೆ ಹೈ ಫ್ರೀಕ್ವೆನ್ಸಿ ಕಿಡಿ ಹಾರಬೇಕು, ಹಾರ್ತು. ಬಟನ್ ಬಿಟ್ಟ ಮೇಲೂ ಒಂದಷ್ಟು ಸೆಕೆಂಡ್ ಗ್ಯಾಸ್ ಬರ್ತಾ ಇರಬೇಕು, ಇಲ್ಲಾಂದ್ರೆ ಕಾದ ಸೂಜಿ ಗಾಳಿ ಕುಡಿದು ನೀಲಿಗಟ್ಟುತ್ತೆ, ಕಪ್ಪಾಗುತ್ತೆ, ಇದು ಬೆಳ್ಳಗೇ ಇತ್ತು. ಪ್ಲೇಟಲ್ಲಿ 200 ಆಂಪ್, 60 ಪರ್ಸೆಂಟ್ ಡ್ಯೂಟಿ ಸೈಕಲ್ ಅಂತಿತ್ತು, ಅಂದ್ರೆ 200 ಆಂಪಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ದುಡಿದು ನಾಲ್ಕು ನಿಮಿಷ ಸುಧಾರಿಸ್ಕೊಳ್ಳುತ್ತೆ, ನಮ್ ಸರ್ಕಾರಿ ಆಫೀಸಿಗಿಂತ ವಾಸಿ. ಒಂದು ಎಂಎಂ ಕಬ್ಬಿಣಕ್ಕೆ ಹೆಚ್ಚೂಕಮ್ಮಿ 40 ಆಂಪ್ ಲೆಕ್ಕ, ನನ್ನ ಕೆಲಸಕ್ಕೆ 80 ದಾಟೋದೇ ಅಪರೂಪ.

ನನ್ನ ಬೀಡ್ ನೋಡಿ ಯಜಮಾನ್ರು ಏನೂ ಅನ್ಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು "ಊಟ ಆಯ್ತಾ?" ಅಂದ್ರು.

ಅಷ್ಟೊತ್ತಿಗೆ ಮಾವನೋರು ಟಾರ್ಚಿನ ಪೈಪನ್ನ ಬೆರಳಲ್ಲಿ ಸವರ್ಕೊಂಡು ಹೋಗ್ತಾ ಇದ್ರು, ಒಂದು ಕಡೆ ಕಪ್ಪು ಟೇಪು ದಪ್ಪಗೆ ಸುತ್ತಿತ್ತು, ಸುಮ್ನೆ ಎದ್ದು ಹೋಗಿ ಪಕ್ಕದ ನಲ್ಲಿ ಹತ್ರ ಇದ್ದ ಸೋಪನ್ನ ನೀರಲ್ಲಿ ಕದಡಿ ತಂದು ಟೇಪಿನ ಮೇಲೆ ಬಿಟ್ರು. ಗ್ಯಾಸ್ ಬಿಟ್ಟ ಕೂಡ್ಲೇ ಅಲ್ಲಿ ಒಂದು ಗುಳ್ಳೆ ಎದ್ದು, ನಿಧಾನಕ್ಕೆ ನಿಂಬೆಹಣ್ಣಿನ ಗಾತ್ರಕ್ಕೆ ಬಂದು ಪಟ್ ಅಂತು. ಒಳಗೆ ಹೋಗೋ ಗ್ಯಾಸ್ ಆಚೆ ಸೋರೋದಷ್ಟೇ ಅಲ್ಲ, ಗಾಳಿನೂ ಒಳಗೆ ಬೆರೆಯುತ್ತೆ. ಯಾರೂ ಮಾತಾಡ್ಲಿಲ್ಲ, ಹೊಸ ಟಾರ್ಚಿನ ದುಡ್ಡು ತಾನಾಗೇ ರೇಟಲ್ಲಿ ಇಳೀತು. ಜೊತೆಗೆ ಒಂದು ಹಿಡಿ ಕೆಂಪು ಬಣ್ಣದ ಟಂಗ್‌ಸ್ಟನ್ ಸೂಜಿ ಫ್ರೀ ಕೊಡಾಕೆ ಬಂದ್ರು, ಅದರಲ್ಲಿ ವಿಕಿರಣ ಸೂಸೋ ಥೋರಿಯಂ ಇರುತ್ತೆ, ಸಾಣೆ ಹಿಡಿವಾಗ ಆ ಧೂಳು ಮೂಗಿಗೆ ಹೋಗಬಾರ್ದು, ಹಂಗಾಗಿ ಅದನ್ನ ಅಲ್ಲೇ ಬಿಟ್ಟು ಬಂದೆ. ಲ್ಯಾಂಥನಂ ಇರೋ ಬಂಗಾರದ ಬಣ್ಣದ್ದು ಅಂಗಡಿಲಿ ಆರಾಮಾಗಿ ಸಿಗ್ತವೆ.

ಮಿಷನ್ ಬಂದಿದ್ದು ನಮ್ಮ ಬೀದಿಲಿ ಯಾರಿಗೂ ಗೊತ್ತಾಗ್ಲಿಲ್ಲ. ಸಿಲಿಂಡರ್ ಬಂದಿದ್ದು ಎಲ್ಲರಿಗೂ ಗೊತ್ತಾಯ್ತು.

ದೊಡ್ಡ ಸಿಲಿಂಡರಲ್ಲಿ 7 ಕ್ಯೂಬಿಕ್ ಮೀಟರ್ ಗ್ಯಾಸ್ ಹಿಡಿಯುತ್ತೆ, ನಿಮಿಷಕ್ಕೆ 10 ಲೀಟರ್ ಬಿಟ್ರೆ ಹನ್ನೊಂದೂವರೆ ಗಂಟೆ ಮೇಲೇ ಬರುತ್ತೆ, ಸಣ್ಣದು ತಗೊಂಡ್ರೆ ಬರೀ ತುಂಬಿಸಾಕೆ ಓಡಾಡೋದೇ ಆಗುತ್ತೆ ಅಂತ ದೊಡ್ಡದೇ ಡಿಪಾಸಿಟ್ ಕಟ್ಟಿ ಹೇಳಿದ್ದೆ. ಗೂಡ್ಸ್ ಆಟೋಲಿ ಬಂತು. ಇಬ್ರು ಹುಡುಗ್ರು ಅದನ್ನ ಓರೆ ಮಾಡಿ ತಳದ ಅಂಚಿನ ಮೇಲೆ ಗರಗರ ಉರುಳಿಸ್ತಾ ಗೇಟ್ ಒಳಗೆ ತಂದ್ರು. ಮಾವನೋರು ವರಾಂಡದ ಕುರ್ಚಿಲಿ ಮುಖಕ್ಕೆ ಟವೆಲ್ ಹೊದ್ಕೊಂಡು ಮಧ್ಯಾಹ್ನದ ನಿದ್ದೆ ಮಾಡ್ತಿದ್ರು. ಇವೆರಡನ್ನೂ ಎದುರುಮನೆ ಅಕ್ಕ ಕಾಂಪೌಂಡ್ ಮೇಲಿಂದ ಒಟ್ಟಿಗೆ ನೋಡಿದ್ರು, ಅಷ್ಟೇ ಆಗಿದ್ದು.

2021ರಲ್ಲಿ ಕೋವಿಡ್ ಟೈಮಲ್ಲಿ ಆಕ್ಸಿಜನ್ ಸಿಲಿಂಡರಿಗೆ ಜನ ಪರದಾಡಿದ್ದು ಇನ್ನೂ ಯಾರ ತಲೆಯಿಂದಾನೂ ಹೋಗಿಲ್ಲ. ಕಾಲು ಗಂಟೇಲಿ ಅಕ್ಕ ಒಂದು ಚೀಲ ಮೋಸಂಬಿ ಹಿಡ್ಕೊಂಡು, ಚಪ್ಪಲಿ ಸದ್ದು ಮಾಡದೆ ಒಳಗೆ ಬಂದ್ರು. ಹಿಂದೆ ಇನ್ನಿಬ್ರು, ಅವರ ಹಿಂದೆ ಬ್ರೆಡ್ಡು. "ನಿನ್ನೆ ಮಂಡಕ್ಕಿ ಮಿರ್ಚಿ ತಿಂತಾ ಚೆನ್ನಾಗೇ ಇದ್ರಲ್ಲ" ಅಂತ ಒಬ್ರು ಪಿಸುಗುಟ್ಟಿದ್ರು. ಸಿಲಿಂಡರ್ ಮೇಲೆ ಆರ್ಗಾನ್ ಅಂತ ಬರೆದಿದ್ದನ್ನ ಓದಿದೋರು "ಇದು ಆಕ್ಸಿಜನ್ನಿಗಿಂತ ಸ್ಟ್ರಾಂಗ್ ಇರಬೇಕು, ಕೇಸ್ ಸೀರಿಯಸ್ಸು" ಅಂದ್ರು. ಅದೇ ಹೊತ್ತಿಗೆ ಮಾವನೋರು ಟವೆಲ್ ತೆಗೆದು ನೋಡಿದ್ರೆ ಸುತ್ತ ಕೈಕಟ್ಟಿ ನಿಂತ ಜನ. "ಯಾರಿಗೇನಾಯ್ತು?" ಅಂತ ಇವರೇ ಗಾಬರಿಯಾಗಿ ಎದ್ದು ನಿಂತ್ರು. ಎಲ್ಲ ತಿಳಿಯಾಗಿ ನಗಾಡಿ ಟೀ ಕುಡಿದು ಹೋದ್ರು, ಮೋಸಂಬಿ ವಾಪಸ್ ತಗೊಳ್ಳಿ ಅಂದ್ರೆ ತಗೊಳ್ಲಿಲ್ಲ, ಹರಿಹರದಿಂದ ನೆಂಟರ ಫೋನ್ ಮಾತ್ರ ರಾತ್ರಿವರೆಗೂ ಬರ್ತಾನೇ ಇತ್ತು.

ಇನ್ನು ವೆಲ್ಡಿಂಗು. ಮೊದಲ ಭಾನುವಾರ ಸೆಕೆ ಅಂತ ಭಾಮೈದ ಪ್ರೀತಿಯಿಂದ ಟೇಬಲ್ ಫ್ಯಾನ್ ತಂದು ನನ್ನ ಬೆನ್ನ ಹಿಂದೆ ಇಟ್ಟ, ಗ್ಯಾಸ್ ಎಲ್ಲ ಹಾರಿ ಹೋಗಿ ಬೀಡು ಮಂಡಕ್ಕಿ ಥರ ತೂತು ತೂತಾಗಿ ಉಬ್ಬಿತು. ಫ್ಯಾನ್ ಆರಿಸಿದ್ರೆ ಬೆವರು ಹೆಲ್ಮೆಟ್ ಒಳಗೆ ಇಳಿಯುತ್ತೆ. ಎಚ್ಎಫ್ ಕಿಡಿ ಹಾರಿದಾಗಲೆಲ್ಲ ಮಾವನೋರ ರೇಡಿಯೋ ಚರ್ ಅನ್ನುತ್ತೆ, ಅವರು ಭದ್ರಾವತಿ ಸ್ಟೇಷನ್ ಹಾಕ್ಕೊಂಡು ಕೂತಿರ್ತಾರೆ, ಸುದ್ದಿ ಟೈಮಲ್ಲಿ ವೆಲ್ಡಿಂಗ್ ಮಾಡಂಗಿಲ್ಲ ಅಂತ ರೂಲ್ಸ್ ಆಗೈತೆ.

ಮೊನ್ನೆ ಎದುರುಮನೆ ಅಕ್ಕ ತಳ ತೂತಾದ ದಬರಿ ತಂದು "ಇದೊಂಚೂರು ಅಂಟಿಸಿಕೊಡ್ರಿ ಅಣ್ಣಾ" ಅಂದ್ರು. ಅಲ್ಯೂಮಿನಿಯಂ ದಬರಿ. ಇದಕ್ಕೆ ಎಸಿ ಮಿಷನ್ ಬೇಕು ಅಕ್ಕ, ನಂದು ಡಿಸಿ, ಪೊರೆ ಒಡೆಯಲ್ಲ ಅಂತ ಎಲ್ಲ ಬಿಡಿಸಿ ಹೇಳಿದೆ. "ಅಷ್ಟು ದೊಡ್ಡ ಸಿಲಿಂಡರ್ ತರಿಸಿದ್ರಿ, ಒಂದು ದಬರಿ ಆಗಲ್ವಾ?" ಅಂದ್ರು, ಮೋಸಂಬಿ ವಿಷಯ ಬಾಯಲ್ಲಿ ಹೇಳ್ಲಿಲ್ಲ, ಮುಖದಲ್ಲಿತ್ತು. ಭಾಮೈದ ಅಲ್ಲೇ ಇದ್ದ, "ಭಾವ, ರಾಣೆಬೆನ್ನೂರಲ್ಲಿ ಒಂದು ಎಸಿ-ಡಿಸಿ ಮಿಷನ್ ಐತಂತೆ, ಹೋಗಿ ನೋಡ್ಕೊಂಡು..." ಅಂತ ಶುರು ಮಾಡ್ದ. ಅವನ ಮಾತು ಮುಗಿಯೋದ್ರೊಳಗೆ ನಮ್ಮನೆಯವಳು ಅಡುಗೆಮನೆಯಿಂದ ನಮ್ಮ ಹೊಸ ದಬರಿ ತಂದು ಅಕ್ಕನ ಕೈಗೆ ಕೊಟ್ಳು, "ತಗೊಂಡೋಗಿ ಅಕ್ಕ, ನಮಗೆ ಇದೇ ಅಗ್ಗ" ಅಂತ.