ಆಮೆಗೆ ಲೇಟ್ ಸ್ಲಿಪ್

ಇವತ್ತು ಮತ್ತೆ ಲೇಟ್ ಸ್ಲಿಪ್. ಈ ವಾರ ಇದು ಮೂರನೆಯದು, ಇನ್ನೂ ಬುಧವಾರ. ಸ್ಕೂಲ್ ಆಫೀಸಿನಲ್ಲಿ ತಡವಾದ ಕಾರಣ ಹೇಳಬೇಕು. ಸೋಮವಾರ ಟ್ರಾಫಿಕ್ ಅಂದೆ. ಮಂಗಳವಾರವೂ ಟ್ರಾಫಿಕ್. ನಮ್ಮ ಮನೆಯಿಂದ ಸ್ಕೂಲಿಗೆ ನಾಲ್ಕು ನಿಮಿಷ, ನಡುವೆ ಇರೋದು ಒಂದೇ ಸಿಗ್ನಲ್. ಇವತ್ತು ನಿಜ ಹೇಳಿಬಿಡೋಣ ಅನ್ನಿಸಿತ್ತು. ‘ಮಗಳು ಆಮೆಯಾಗಿದ್ದಾಳೆ.’

ತಪ್ಪು ನನ್ನದೇ. ಭಾನುವಾರ ಸರ್ಕಸ್ಸಿಗೆ ಕರೆದುಕೊಂಡು ಹೋದವನು ನಾನು. ನಾವಿರೋದು ಬ್ರಿಸ್ಬೇನ್‌ನಲ್ಲಿ. ಇಲ್ಲಿನ ‘ಸರ್ಕ’ ಅನ್ನೋ ತಂಡ ‘ಕಾರ್ನಿವಲ್ ಆಫ್ ದಿ ಅನಿಮಲ್ಸ್’ ಅನ್ನು ಸರ್ಕಸ್ ಮಾಡಿದೆ. ಫ್ರಾನ್ಸಿನ ಸ್ಯಾಂ-ಸಾನ್ಸ್ 1886ರಲ್ಲಿ ಬರೆದ ಸಂಗೀತ ಅದು. 14 ಪುಟ್ಟ ತುಣುಕು. ಸಿಂಹ, ಕೋಳಿ, ಕಾಡುಕತ್ತೆ, ಆಮೆ, ಆನೆ, ಕಾಂಗರೂ, ಹಂಸ, ಎಲ್ಲಾ ವಾದ್ಯದಲ್ಲೇ. ಪ್ರಾಣಿಗಳ ನಡುವೆ ಪಿಯಾನೋ ನುಡಿಸುವವರನ್ನೂ ಒಂದು ಜಾತಿ ಅಂತ ಸೇರಿಸಿದ್ದಾನೆ. ಸರ್ಕಸ್ಸಿನಲ್ಲಿ ಅದಕ್ಕೆ ಲಾಗ ಹಾಕೋದು, ಒಬ್ಬರ ಹೆಗಲ ಮೇಲೆ ಒಬ್ಬರು ನಿಲ್ಲೋದು, ಎಲ್ಲಾ ಮನುಷ್ಯರೇ.

ಇದನ್ನು ಅಮ್ಮನಿಗೆ ಮೊದಲೇ ಹೇಳಬೇಕಿತ್ತು. ದಾವಣಗೆರೆಯಿಂದ ಮೂರು ತಿಂಗಳಿಗೆ ಬಂದಿದ್ದಾರೆ. ಸರ್ಕಸ್ ಅಂದ ಕೂಡಲೇ ರೇಷ್ಮೆ ಸೀರೆ ಉಟ್ಟು ಹೊರಟರು. ಒಳಗೆ ಡಬಲ್ ಬಾಸ್ ದಪ್ಪ ದನಿಯಲ್ಲಿ ಗುಂಯ್‌ಗುಟ್ಟಿದಾಗ, ‘ಇದು ಆನೆ ಅಮ್ಮ’ ಅಂದೆ.

‘ಎಲ್ಲೋ ಆನೆ?’

ಮುಂದಿನ ಎರಡು ಸಾಲು ತಿರುಗಿ ನೋಡಿತು. ‘ಸಂಗೀತದಲ್ಲಿ ಇದೆಯಮ್ಮ’ ಅಂತ ಪಿಸುಗುಟ್ಟಿದೆ. ಅಮ್ಮ ಒಂದು ಕಾಲದಲ್ಲಿ ಸಂಗೀತ ಕಲಿತವರು. ‘ನಿಷಾದ ಸ್ವರ ಅಂದ್ರೆ ಆನೆ, ಷಡ್ಜ ಅಂದ್ರೆ ನವಿಲು, ಪಂಚಮ ಅಂದ್ರೆ ಕೋಗಿಲೆ. ನಮಗೆ ಗೊತ್ತಿಲ್ಲದ್ದಾ? ಅದಕ್ಕೆ ಟಿಕೆಟ್ ಯಾಕೋ?’ ಅಂದರು. ಹಂಸ ಬಂದಾಗ ಚೆಲ್ಲೋ ವಾದ್ಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, ‘ಹಂಸಧ್ವನಿ ರಾಗ ಹೀಗಿರಲ್ಲ’ ಅಂದರು.

ಅಮ್ಮನದು ಅಲ್ಲಿಗೆ ಮುಗಿಯಿತು. ಪುಟ್ಟಿಗೆ ಆಮೆ ಹಿಡಿಯಿತು.

ಸ್ಯಾಂ-ಸಾನ್ಸ್ ಆಮೆಗೆ ಅಂತ ಹೊಸ ರಾಗ ಕಟ್ಟಲಿಲ್ಲ. ಇನ್ನೊಬ್ಬ ಸಂಗೀತಗಾರ ಆಫೆನ್‌ಬಾಕ್‌ನ ಪ್ರಸಿದ್ಧ ಕ್ಯಾನ್‌ಕ್ಯಾನ್ ಇದೆಯಲ್ಲ, ಹುಡುಗಿಯರು ಲಂಗ ಎತ್ತಿ ಕಾಲು ಝಾಡಿಸಿ ಕುಣಿಯುವ ಆ ಓಟದ ಟ್ಯೂನು, ಅದನ್ನೇ ತೆಗೆದುಕೊಂಡು ತೀರಾ ನಿಧಾನ ಮಾಡಿಬಿಟ್ಟ. ಕೇಳಿದರೆ ನಗು ಬರುತ್ತೆ. ಬೆಳಗ್ಗೆ ಎಂಟು ಇಪ್ಪತ್ತಕ್ಕೆ ಬರಲ್ಲ.

ಎಂಟು ಇಪ್ಪತ್ತಕ್ಕೆ ಪುಟ್ಟಿ ಒಂದು ಕಾಲಿಗೆ ಸಾಕ್ಸ್ ಹಾಕಿ, ಅರ್ಧ ದೋಸೆ ಬಿಟ್ಟು, ಸ್ಕೂಲ್ ಬ್ಯಾಗ್ ಬೆನ್ನಿಗೆ ಏರಿಸಿ ಅಡುಗೆಮನೆಯ ನೆಲದಲ್ಲಿ ಮಂಡಿಯೂರುತ್ತಾಳೆ. ಬ್ಯಾಗೇ ಚಿಪ್ಪು. ಸ್ವೆಟರಿನ ಕುತ್ತಿಗೆಯಿಂದ ಮೂಗು ಮಾತ್ರ ಹೊರಗೆ. ಬಾಯಲ್ಲಿ ಆ ಟ್ಯೂನು. ಬಲಗೈ ಮುಂದೆ. ಯೋಚನೆ. ಎಡಮಂಡಿ ಮುಂದೆ. ಮತ್ತೆ ಯೋಚನೆ. ಫ್ರಿಜ್ಜಿನಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ಸೋಮವಾರ ಅದಕ್ಕೆ ಹದಿನಾಲ್ಕು ನಿಮಿಷ ಹಿಡಿಯಿತು. ‘ಬೇಗ ಬಾರೇ!’ ಅಂತ ಕೂಗಿದೆ. ಮೂಗೂ ಒಳಗೆ ಹೋಯಿತು. ಹೆದರಿದರೆ ಆಮೆ ಹಾಗೇ ಮಾಡುತ್ತಂತೆ.

ಮಂಗಳವಾರ ನಾನು ಬುದ್ಧಿವಂತನಾದೆ. ಫೋನಿನಲ್ಲಿ ಆಫೆನ್‌ಬಾಕ್‌ನ ಮೂಲ ಕ್ಯಾನ್‌ಕ್ಯಾನ್ ಜೋರಾಗಿ ಹಾಕಿದೆ. ಈ ವೇಗಕ್ಕೆ ಕಾಲು ತಾನೇ ಓಡುತ್ತೆ ಅಂತ ಲೆಕ್ಕ. ಪುಟ್ಟಿ ಕಿವಿ ಕೊಟ್ಟು ಕೇಳಿದಳು. ‘ಅಪ್ಪಾ, ಇದೂ ಆಮೆದೇ. ತಪ್ಪಾಗಿ ನುಡಿಸ್ತಿದ್ದಾರೆ’ ಅಂದಳು. ತಪ್ಪು ಸರಿಮಾಡೋಕೆ ಇನ್ನೂ ನಿಧಾನವಾದಳು. ಕಾಡುಕತ್ತೆಯ ತುಣುಕು ಹಾಕಿದೆ, ಅದು ಬಾಣದ ಹಾಗೆ ಓಡುತ್ತೆ. ‘ನಾನು ಕತ್ತೆ ಅಲ್ಲ’ ಅಂದಳು. ನನ್ನ ಕಡೆ ನೋಡಿದಳು.

ದೋಸೆ ಮಗುಚುತ್ತಿದ್ದ ಅಮ್ಮ ಹೇಳಿದರು: ‘ನಮ್ಮವರು ಏಳು ಸ್ವರಕ್ಕೆ ಏಳು ಪ್ರಾಣಿ ಇಟ್ಟರು. ಆಮೆ ಇಟ್ಟಿಲ್ಲ ನೋಡು. ಮಕ್ಕಳು ಮರಿ ಇದ್ದವರು.’

ಆ ಸ್ಯಾಂ-ಸಾನ್ಸ್‌ಗೂ ಇದರ ಮೇಲೆ ಅಂಜಿಕೆ ಇತ್ತು. ಇಂಥ ತಮಾಷೆಯಿಂದ ತನ್ನ ಗಂಭೀರ ಹೆಸರು ಹಾಳಾಗುತ್ತೆ ಅಂತ, ಹಂಸ ಒಂದನ್ನು ಬಿಟ್ಟು ಉಳಿದದ್ದನ್ನು ಬದುಕಿರುವವರೆಗೆ ಅಚ್ಚು ಹಾಕಲು ಬಿಡಲಿಲ್ಲ. 1921ರಲ್ಲಿ ತೀರಿಕೊಂಡ, 1922ರಲ್ಲಿ ಹೊರಗೆ ಬಂತು. ನೂರು ವರ್ಷ ದಾಟಿ ನಮ್ಮ ಅಡುಗೆಮನೆಗೆ ಬಂತು.

ನಿನ್ನೆ ರಾತ್ರಿ ಅಮ್ಮ ಮತ್ತೆ ಸರ್ಕಸ್ಸಿನ ಮಾತು ತೆಗೆದರು. ಊರಲ್ಲಿ ತಂಬು ಬಿದ್ದಾಗ ರಾತ್ರಿ ಸಿಂಹ ಗರ್ಜಿಸೋದು ನಮ್ಮ ಮನೆಗೆ ಕೇಳುತ್ತಿತ್ತು. ನಾನು ಅಮ್ಮನ ಸೆರಗು ಹಿಡಿದು ಮಲಗುತ್ತಿದ್ದೆ. ಹಗಲಲ್ಲಿ ಹೋಗಿ ನೋಡಿದರೆ ಅದೇ ಸಿಂಹ ಬೋನಿನಲ್ಲಿ ನೊಣ ಓಡಿಸುತ್ತಾ ಬಿದ್ದಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಸಿಂಹ, ಹುಲಿ, ಚಿರತೆ, ಕರಡಿ, ಕೋತಿ ಆಡಿಸಬಾರದು ಅಂತ 1998ರಲ್ಲಿ ಭಾರತ ಸರ್ಕಾರ ಹೇಳಿತು, 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಒಳ್ಳೇದೇ ಆಯಿತು. ಅಮ್ಮನೂ ಹಾಗೇ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೂ ಆ ಗರ್ಜನೆ...’ ಅಂದರು. ಇಬ್ಬರೂ ಸುಮ್ನೆ ಕೂತೆವು.

ಇವತ್ತು ಕಾಂಗರೂ ಹಾಕಿದೆ. ಪಿಯಾನೋ ಕುಪ್ಪಳಿಸಿತು, ಪುಟ್ಟಿಯೂ ಕುಪ್ಪಳಿಸಿದಳು. ಅಬ್ಬಾ, ಗೆದ್ದೆ ಅಂದುಕೊಂಡೆ. ಬಾಗಿಲಲ್ಲಿ ಮೂರನೇ ನೆಗೆತಕ್ಕೆ ಚಿಪ್ಪಿನೊಳಗೆ ಟಿಫಿನ್ ಡಬ್ಬಿ ಬಾಯಿ ಬಿಟ್ಟಿತು. ಚಿತ್ರಾನ್ನ. ಕಾರಿನ ಬಾನೆಟ್ ಮೇಲೆ ಪುಸ್ತಕ ಹರಡಿ ಒರೆಸಿ ಹೊರಡುವಾಗ ಎಂಟು ಐವತ್ತೈದು. ಸಂಜೆ ಕೂತು ಬ್ಯಾಗಿನ ಹೊಲಿಗೆಯಿಂದ ಕಡಲೆಬೇಳೆ ಆರಿಸುತ್ತಿದ್ದೆ. ಪುಟ್ಟಿ ಬಂದು ನಿಂತಳು.

‘ಅಪ್ಪಾ, ನಾಳೆ ಯಾವುದು?’

ಪಟ್ಟಿಯಲ್ಲಿ ಹನ್ನೆರಡನೆಯದು ನೆನಪಾಯಿತು. ‘ಫಾಸಿಲ್. ಕಲ್ಲಾಗಿ ಹೋದ ಪ್ರಾಣಿ. ನೀನು ಅಲ್ಲಾಡೋ ಹಾಗೇ ಇಲ್ಲ. ನಾನೇ ಎತ್ತಿಕೊಂಡು ಹೋಗಿ ಕಾರಿನಲ್ಲಿ ಇಡ್ತೀನಿ.’

ಅವಳು ತುಂಬಾ ಯೋಚಿಸಿದಳು.

‘ಫಾಸಿಲ್ ಹಲ್ಲು ಉಜ್ಜುತ್ತಾ?’