ಲಾಕೀಷಿನವರನ್ನು ಯಾರೂ ಕೇಳಲಿಲ್ಲ

ಕಳೆದ ಭಾನುವಾರ ಚರ್ಚಿನ ಪ್ರಸಂಗದಲ್ಲಿ ಮತ್ತೆ ಸತ್ಯವೇದದ, ಅಂದರೆ ಬೈಬಲ್ಲಿನ, ಹಿಜ್ಕೀಯ ಅರಸನ ಕಥೆ ಬಂತು. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ಕೇಳಿದ ಹಾಗೆಯೇ ಇತ್ತು. ಅಶ್ಶೂರದ (ಅಸ್ಸೀರಿಯಾದ) ದೊರೆ ಸನ್ಹೇರೀಬ ದಂಡೆತ್ತಿ ಬಂದ, ಹಿಜ್ಕೀಯ ಬೆದರಿಕೆಯ ಪತ್ರವನ್ನು ದೇವಾಲಯದಲ್ಲಿ ದೇವರ ಮುಂದೆ ಬಿಚ್ಚಿಟ್ಟು ಪ್ರಾರ್ಥಿಸಿದ, ಒಂದೇ ರಾತ್ರಿ ದೇವದೂತ ಶತ್ರುಪಾಳೆಯದ 1,85,000 ಮಂದಿಯನ್ನು ಸಂಹರಿಸಿದ. ಯೆರೂಸಲೇಮ್ ಉಳಿಯಿತು. ಆಮೆನ್.

ನನ್ನ ತಕರಾರು ದೇವದೂತನ ಮೇಲಲ್ಲ. ರಾಜಧಾನಿ ಉಳಿದ ಕೂಡಲೇ ಎಲ್ಲರೂ ಉಳಿದರು ಎಂದುಕೊಂಡು ಎದ್ದು ಮನೆಗೆ ಹೋಗುತ್ತೇವಲ್ಲ, ಅದರ ಮೇಲೆ.

ಹಿಜ್ಕೀಯ ಇಪ್ಪತ್ತೈದನೆಯ ವಯಸ್ಸಿಗೆ ಪಟ್ಟಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷ, ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯವನ್ನು ಆಳಿದವನು. ಅಪ್ಪ ಆಹಾಜ ಅಶ್ಶೂರಕ್ಕೆ ಕಪ್ಪ ಕೊಟ್ಟುಕೊಂಡು ಸಿಂಹಾಸನ ಉಳಿಸಿಕೊಂಡಿದ್ದ. ಉತ್ತರದ ಇಸ್ರಾಯೇಲ್ ರಾಜ್ಯವನ್ನು ಅದೇ ಅಶ್ಶೂರ ನುಂಗಿ ಹಾಕಿತ್ತು. ಕ್ರಿ.ಪೂ. 705ರಲ್ಲಿ ಅಶ್ಶೂರದ ಸಾರ್ಗೋನ್ ದೊರೆ ರಣರಂಗದಲ್ಲಿ ಸತ್ತಾಗ ಸಾಮಂತರೆಲ್ಲ ತಲೆ ಎತ್ತಿದರು. ಹಿಜ್ಕೀಯನೂ ಕಪ್ಪ ನಿಲ್ಲಿಸಿದ.

ಹುಂಬತನದಿಂದ ನಿಲ್ಲಿಸಿದ್ದಲ್ಲ, ಯುದ್ಧ ಬಂದೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಯೆರೂಸಲೇಮಿನಲ್ಲಿ ಏಳು ಮೀಟರ್ ದಪ್ಪದ ಗೋಡೆಯ ಅವಶೇಷ ಅಗೆತದಲ್ಲಿ ಸಿಕ್ಕಿದೆ. ಅದು ಹಳೆಯ ಮನೆಗಳನ್ನು ಸೀಳಿಕೊಂಡೇ ಹೋಗಿದೆ. ಕೋಟೆ ಭದ್ರಪಡಿಸಲು ಮನೆಗಳನ್ನು ಕೆಡವಿದಿರಿ ಎಂದು ಪ್ರವಾದಿ ಯೆಶಾಯ ಗದರಿದ್ದು ಇದಕ್ಕೇ ಇರಬೇಕು. ದಾಸ್ತಾನಿಗೆಂದು ಬಳಸಿರಬಹುದಾದ, 'ಅರಸನದು' ಎಂಬ ಮುದ್ರೆಯೊತ್ತಿದ ಜಾಡಿಗಳ ಹಿಡಿಗಳು ಯೆಹೂದದುದ್ದಕ್ಕೂ ಸಾವಿರಕ್ಕೂ ಹೆಚ್ಚು ದೊರೆತಿವೆ. ನೂರಾರು ಸಿಕ್ಕಿದ್ದು ಲಾಕೀಷಿನಲ್ಲಿ.

ಲಾಕೀಷ್ ಯೆಹೂದದ ಎರಡನೆಯ ದೊಡ್ಡ ಪಟ್ಟಣ, ಯೆರೂಸಲೇಮಿನ ನೈಋತ್ಯಕ್ಕೆ. ಕ್ರಿ.ಪೂ. 701ರಲ್ಲಿ ಸನ್ಹೇರೀಬ ಮುರಿದ ಪಟ್ಟಣಗಳಲ್ಲಿ ಅದೂ ಒಂದು. ಯೆರೂಸಲೇಮನ್ನು ಹಿಡಿಯಲಾಗದ ದೊರೆ ತನ್ನ ರಾಜಧಾನಿ ನಿನೆವೆಯ ಅರಮನೆಯ ಗೋಡೆಯ ಮೇಲೆ ಲಾಕೀಷಿನ ಪತನವನ್ನೇ ಕೆತ್ತಿಸಿಕೊಂಡ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಾನು ನೋಡಿದ್ದು ಚಿತ್ರಗಳನ್ನಷ್ಟೇ, ಅದೇ ಸಾಕಾಯಿತು. ಗೋಡೆಗೆ ಒರಗಿಸಿ ಕಟ್ಟಿದ ಮಣ್ಣುಕಲ್ಲಿನ ದಿಬ್ಬ, ಅದನ್ನೇರುವ ಯಂತ್ರಗಳು, ಶೂಲಕ್ಕೇರಿದ ದೇಹಗಳು. ಒಂದು ಕಡೆ ಎತ್ತಿನ ಗಾಡಿಯ ಮೇಲೆ ಗಂಟುಮೂಟೆ, ಅದರ ಮೇಲೆ ಹೆಂಗಸರು, ಮಕ್ಕಳು. ಊರು ಬಿಡುತ್ತಿದ್ದಾರೆ. ದಿಬ್ಬವಂತೂ ಲಾಕೀಷಿನಲ್ಲಿ ಇಂದಿಗೂ ಇದೆ.

ಸನ್ಹೇರೀಬನ ಶಾಸನದ ಪ್ರಕಾರ ಕೋಟೆಯುಳ್ಳ 46 ಪಟ್ಟಣಗಳು ಬಿದ್ದವು, 2,00,150 ಜನ ಸೆರೆಯಾದರು. ಎರಡನೆಯ ಅಂಕಿಯನ್ನು ವಿದ್ವಾಂಸರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಗೆದ್ದವರ ಲೆಕ್ಕ ಯಾವಾಗಲೂ ಉಬ್ಬಿರುತ್ತದೆ. ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನೊಳಗೆ ಕೂಡಿಹಾಕಿದೆ ಎಂದು ಬರೆಸಿಕೊಂಡವನು, ಪಂಜರದೊಳಗೆ ಕೈ ಹಾಕಿದೆ ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ.

ಸತ್ಯವೇದವೂ ಒಂದನ್ನು ಮುಚ್ಚಿಡುವುದಿಲ್ಲ, ನಮ್ಮ ಪ್ರಸಂಗಗಳು ಮುಚ್ಚಿಡುತ್ತವೆ. ಹಿಜ್ಕೀಯ ಲಾಕೀಷಿನಲ್ಲಿದ್ದ ಸನ್ಹೇರೀಬನಿಗೆ 'ನಾನು ತಪ್ಪು ಮಾಡಿದೆ' ಎಂದು ಹೇಳಿಕಳುಹಿಸಿದ. ಮೂವತ್ತು ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ, ಮುನ್ನೂರು ತಲಾಂತು ಬೆಳ್ಳಿ ದಂಡ ಬಿತ್ತು. ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನು ಕಿತ್ತು ಕೊಟ್ಟ. (ಶಾಸನದಲ್ಲಿ ಬೆಳ್ಳಿ ಎಂಟುನೂರು ತಲಾಂತು, ಬಂಗಾರ ಮಾತ್ರ ಅಷ್ಟೇ.) ತಪ್ಪು ಮಾಡಿದೆ ಎನ್ನುವ ಹೊತ್ತಿಗೆ ಊರುಗಳು ಆಗಲೇ ಹೋಗಿದ್ದವು.

ಈ ಕಥೆಯಲ್ಲಿ ನನಗೆ ತೀರಾ ಇಷ್ಟವಾದ ಸನ್ನಿವೇಶ ಕೋಟೆಯ ಹೊರಗೆ ನಡೆಯುತ್ತದೆ. ಅಶ್ಶೂರದ ಅಧಿಕಾರಿ ರಬ್ಷಾಕೆ ಬಂದು ನಿಂತು ಯೆಹೂದ್ಯರ ಮಾತಿನಲ್ಲೇ ಗಟ್ಟಿಯಾಗಿ ಬೆದರಿಸುತ್ತಾನೆ. ಹಿಜ್ಕೀಯನ ಅಧಿಕಾರಿಗಳು ಗಾಬರಿಯಾಗಿ, ದಯವಿಟ್ಟು ಅರಾಮ್ಯ ಭಾಷೆಯಲ್ಲಿ ಮಾತಾಡಿ, ನಮಗೆ ಅರ್ಥವಾಗುತ್ತದೆ, ಗೋಡೆಯ ಮೇಲಿರುವ ಜನ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುತ್ತಾರೆ. ಅವನು ಕೇಳುತ್ತಾನೆ: ಮುತ್ತಿಗೆಯಲ್ಲಿ ಮಲ ತಿಂದು ಮೂತ್ರ ಕುಡಿಯಬೇಕಾದವರು ಅವರೇ ತಾನೆ, ಅವರಿಗೆ ಹೇಳದೆ ಇನ್ನಾರಿಗೆ ಹೇಳಲಿ? ಶತ್ರುವಿನ ಬಾಯಿಂದ ಬಂದದ್ದು, ಕುಟಿಲದ ಮಾತು, ಎಲ್ಲ ಸರಿ. ಆದರೂ ಗೋಡೆಯ ಮೇಲಿದ್ದವರ ಭಾಷೆಯಲ್ಲಿ ಆ ದಿನ ಮಾತಾಡಿದವನು ಅವನೊಬ್ಬನೇ.

ಹಿಜ್ಕೀಯನನ್ನು ದುಷ್ಟನೆನ್ನುತ್ತಿಲ್ಲ. ಊರೂರಿನ ಪೂಜಾಸ್ಥಳಗಳನ್ನು ತೆಗೆಸಿ, ಮೋಶೆಯ ಕಾಲದ್ದೆಂದು ಜನ ಧೂಪ ಹಾಕುತ್ತಿದ್ದ ತಾಮ್ರದ ಸರ್ಪವನ್ನೂ ಒಡೆಸಿದ ಎದೆಗಾರ. ತಮಾಷೆಯೆಂದರೆ 2009ರಲ್ಲಿ ಯೆರೂಸಲೇಮಿನಲ್ಲಿ ಸಿಕ್ಕ ಅವನ ಪುಟ್ಟ ಮಣ್ಣಿನ ಮುದ್ರೆಯ ಮೇಲೆ ಈಜಿಪ್ಟಿನ ಶೈಲಿಯ ರೆಕ್ಕೆಯ ಸೂರ್ಯನಿದ್ದಾನೆ. ಜನರ ಹಾವು ಹೋಯಿತು, ಅರಸನ ಸೂರ್ಯ ಉಳಿಯಿತು!

ನನಗೆ ಕ್ಷಮಿಸಲಾಗದ್ದು ಒಂದೇ ಮಾತು. ಕಾಯಿಲೆಯಿಂದ ಎದ್ದ ಮೇಲೆ ಬಾಬೆಲಿನ (ಬ್ಯಾಬಿಲೋನಿನ) ರಾಯಭಾರಿಗಳಿಗೆ ಭಂಡಾರವನ್ನೆಲ್ಲ ತೆರೆದು ತೋರಿಸುತ್ತಾನೆ. ಇದೆಲ್ಲ ಒಂದು ದಿನ ಬಾಬೆಲಿಗೆ ಹೋಗುತ್ತದೆ, ನಿನ್ನ ಸಂತಾನದವರು ಅಲ್ಲಿ ಕಂಚುಕಿಗಳಾಗುತ್ತಾರೆ ಎಂದು ಯೆಶಾಯ ನುಡಿದಾಗ ಅವನ ಉತ್ತರ: ಒಳ್ಳೆಯದೇ, ನನ್ನ ಕಾಲದಲ್ಲಿ ಸಮಾಧಾನವಿದ್ದರೆ ಸಾಕಲ್ಲವೇ. ದೈವಭಕ್ತಿಯೆಂದು ಇದನ್ನು ಎಷ್ಟು ಸಲ ವಿವರಿಸಿದರೂ ನನ್ನ ಕಿವಿಗೆ ಲಾಕೀಷಿನ ಗಾಡಿಗಳ ಸದ್ದೇ ಕೇಳುತ್ತದೆ. ಮಗ ಮನಸ್ಸೆ ಅಶ್ಶೂರಕ್ಕೆ ತಲೆಬಾಗಿ ಐವತ್ತೈದು ವರ್ಷ ಆಳಿದ, ಪಾಪಿಯೆನಿಸಿಕೊಂಡ. ಅವನ ಹೆಸರಿನಲ್ಲಿ ಪ್ರಸಂಗ ಮಾಡಿದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಬೈದ ಮೇಲೆ ಸುರಂಗದ ಮಾತು ಹೇಳದಿದ್ದರೆ ಅನ್ಯಾಯವಾದೀತು. ಗೀಹೋನ್ ಬುಗ್ಗೆಯ ನೀರನ್ನು ಕೋಟೆಯೊಳಗೆ ತರಲು ಕೊರೆದ 533 ಮೀಟರ್ ದಾರಿ. ಅದು ಹಿಜ್ಕೀಯನ ಕೆಲಸವೆಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಎರಡು ತಂಡಗಳು ಎರಡು ತುದಿಯಿಂದ, ಕತ್ತಲಲ್ಲಿ, ಬಳುಕುತ್ತಾ ಕೊರೆದು ನಡುವೆ ಸಂಧಿಸಿದವು. ನೀರು ಇವತ್ತಿಗೂ ಹರಿಯುತ್ತದೆ. 1880ರಲ್ಲಿ ಅದರ ಗೋಡೆಯಲ್ಲಿ ಒಂದು ಬರಹ ಕಾಣಿಸಿತು. ಆ ಕಲ್ಲು ಈಗ ಇಸ್ತಾಂಬುಲ್ಲಿನಲ್ಲಿದೆ. ಆರು ಸಾಲುಗಳಿವೆ. ಉಳಿದಿರುವಷ್ಟರಲ್ಲಿ ಅರಸನ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಇನ್ನು ಮೂರು ಮೊಳ ಬಾಕಿಯಿತ್ತು, ಆಗ ಆಚೆಯವನೊಬ್ಬ ತನ್ನ ಜೊತೆಗಾರನನ್ನು ಕೂಗುವುದು ಕೇಳಿಸಿತು ಎಂದಿದೆ.